ದಾಳವೋ, ಹುಣಸೆ ಬೀಜವೋ? ನಮ್ಮೂರಿನ ಕಥೆಗೆ ಸರಳ ರೋಲ್‌ಪ್ಲೇ ನಿಯಮ ಆರಿಸುವುದು ಹೇಗೆ

ಶನಿವಾರ ತರಗತಿ ಮುಗಿದ ಮೇಲೆ ಲೈಬ್ರರಿಯ ಹಿಂದಿನ ಮೇಜಿನ ಸುತ್ತ ನಾವು ಐದಾರು ಮಂದಿ ಕೂತು ಏನು ಮಾಡುತ್ತೇವೆ ಎಂದು ಹಲವರು ಕೇಳಿದ್ದೀರಿ. ಜಗಳವಾಡುತ್ತಿದ್ದಾರೆ ಎಂದು ಕೆಲವರು ತಿಳಿದಿದ್ದಾರೆ, ನಾಟಕದ ತಾಲೀಮು ಎಂದು ಇನ್ನು ಕೆಲವರು. ನಾವು ಆಡುವುದು ರೋಲ್‌ಪ್ಲೇ ಆಟ. ಮುಂದಿನ ತಿಂಗಳಿಂದ ಪ್ರಥಮ ಪಿಯುಸಿಯವರೂ ಸೇರಬಹುದು ಎಂದು ನಮ್ಮ ಉಪನ್ಯಾಸಕರು ಒಪ್ಪಿದ್ದಾರೆ. ಹೊಸಬರು ಮೊದಲು ಕೇಳುವ ಪ್ರಶ್ನೆ ಒಂದೇ: "ಯಾವ ರೂಲ್ಸ್ ಇಟ್ಟುಕೊಂಡು ಆಡೋದು?" ಆ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನಮಗೆ ಒಂದು ಇಡೀ ಸೆಮಿಸ್ಟರ್‌ನಷ್ಟು ಕಾಲ ಹಿಡಿಯಿತು. ನಾವು ಎಡವಿದ ಕಡೆ ನೀವು ಎಡವಬಾರದೆಂದು ಈ ಪಾಠ ಬರೆಯುತ್ತಿದ್ದೇನೆ.

ಆಟ ಎಂದರೆ ಏನು?

ಒಬ್ಬರು ಸೂತ್ರಧಾರ. ಅವರು ಸನ್ನಿವೇಶ ಹೇಳುತ್ತಾರೆ: "ರಾತ್ರಿ ಹನ್ನೊಂದೂವರೆ. ಹೊಸಪೇಟೆ ಬಸ್ ಸ್ಟ್ಯಾಂಡು. ಕೊನೆಯ ಬಸ್ಸು ಹೋಗಿಯಾಗಿದೆ." ಉಳಿದವರು ಒಂದೊಂದು ಪಾತ್ರ ಹಿಡಿದು, ತಾವು ಏನು ಮಾಡುತ್ತೇವೆ ಎಂದು ಹೇಳುತ್ತಾರೆ. ನಮ್ಮ ಕಡೆಯ ದೊಡ್ಡಾಟದಂತೆ ಇಲ್ಲಿಯೂ ಪ್ರತಿಯೊಬ್ಬರಿಗೂ ಒಂದು ಪಾತ್ರ ಉಂಟು. ಆದರೆ ವೇಷವಿಲ್ಲ, ರಂಗವಿಲ್ಲ, ಬಾಯಿಪಾಠ ಮಾಡಿದ ಮಾತಿಲ್ಲ. ಕಥೆ ಎಲ್ಲಿ ಮುಗಿಯುತ್ತದೆಂದು ಸೂತ್ರಧಾರನಿಗೂ ಗೊತ್ತಿರುವುದಿಲ್ಲ.

ಒಂದು ಕೆಲಸ ಆಗುತ್ತದೋ ಇಲ್ಲವೋ ಎಂಬ ಅನುಮಾನ ಬಂದಾಗ ಅದನ್ನು ತೀರ್ಮಾನಿಸಲು ಕೆಲವು ನಿಯಮಗಳು ಬೇಕು. ಅವುಗಳ ಕಟ್ಟನ್ನು ಆಟಗಾರರು 'ಸಿಸ್ಟಂ' ಎನ್ನುತ್ತಾರೆ. ನಾನು ಇಲ್ಲಿ 'ನಿಯಮಾವಳಿ' ಎಂದು ಬರೆಯುತ್ತೇನೆ.

ಈ ಬಗೆಯ ಆಟ ಹುಟ್ಟಿದ್ದು ಅಮೆರಿಕದಲ್ಲಿ. 1969ರಲ್ಲಿ ಮಿನ್ನೆಸೋಟದ ಡೇವಿಡ್ ವೆಸ್ಲಿ ಎಂಬವರು ಯುದ್ಧದ ಆಟವೊಂದರಲ್ಲಿ ಆಟಗಾರರಿಗೆ ಸೈನ್ಯಗಳ ಬದಲು ಊರೊಂದರ ಒಬ್ಬೊಬ್ಬ ವ್ಯಕ್ತಿಯನ್ನು ಕೊಟ್ಟರು. ಅವರ ಗೆಳೆಯ ಡೇವ್ ಆರ್ನೆಸನ್ ಅದನ್ನು ಬೆಳೆಸಿದರು. ಆರ್ನೆಸನ್ ಮತ್ತು ಗ್ಯಾರಿ ಗೈಗ್ಯಾಕ್ಸ್ ಸೇರಿ 1974ರಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಪ್ರಕಟಿಸಿದರು. ಗುಹೆ, ಖಡ್ಗ, ಮಾಂತ್ರಿಕರ ಲೋಕ ಅದು. ಪ್ರತಿ ಪಾತ್ರಕ್ಕೂ ಆರು ಅಂಕಿಗಳು: ಬಲ, ಚುರುಕು, ತಾಳಿಕೆ, ಬುದ್ಧಿ, ವಿವೇಕ, ವರ್ಚಸ್ಸು.

ಇಂದಿನ ಕಾಲದ ಕಥೆಗೆ ಏಕೆ ಬೇರೆ ನಿಯಮ?

ಡ್ರ್ಯಾಗನ್‌ನ ಗುಹೆ ಯಾರೂ ಕಂಡದ್ದಲ್ಲ. ಅಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂದು ಪುಸ್ತಕವೇ ಹೇಳಬೇಕು. ಆದ್ದರಿಂದ ಅಂಥ ಪುಸ್ತಕಗಳು ದಪ್ಪ. ನಮ್ಮೂರಿನ ಕಥೆ ಹಾಗಲ್ಲ. "ಕಂಪ್ಲಿಗೆ ಹೋಗಲು ಬೇರೆ ದಾರಿಯೇ ಇಲ್ಲ" ಎಂದು ನಾನು ಒಮ್ಮೆ ಹೇಳಿದ್ದಕ್ಕೆ ಮೂರು ಕೈ ಮೇಲೆದ್ದವು. ಒಬ್ಬ ಕಾಲುವೆ ಏರಿಯ ದಾರಿ ಹೇಳಿದ, ಇನ್ನೊಬ್ಬ ಹಾಲಿನ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆಂದು ಹೇಳಿದ. ಮೂರನೆಯವಳು, "ಮಾಮಾಗೆ ಫೋನ್ ಹಚ್ಚಿದರೆ ಬೈಕ್ ತರ್ತಾರೆ" ಎಂದಳು.

ಊರಿನ ತಿಳಿವಳಿಕೆಯನ್ನು ಆಟಗಾರರೇ ತರುವುದರಿಂದ ಇಂದಿನ ಕಾಲದ ಕಥೆಗೆ ನಿಯಮ ಕಡಿಮೆ ಸಾಕು. ಆದರೆ ಆ ಕಡಿಮೆ ನಿಯಮಗಳು ಸರಿಯಾದ ಜಾಗದಲ್ಲಿರಬೇಕು. ಆರಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ.

ಒಂದು: ಈ ನಿಯಮಾವಳಿ ಮನುಷ್ಯನಲ್ಲಿ ಯಾವುದಕ್ಕೆ ಅಂಕಿ ಕೊಡುತ್ತದೆ? ಬಲಕ್ಕೋ, ಕಸುಬಿಗೋ, ಪರಿಚಯಕ್ಕೋ?

ಎರಡು: ಅನುಮಾನ ಬಂದಾಗ ತೀರ್ಮಾನ ಯಾರದು? ದಾಳದ್ದೋ, ಸೂತ್ರಧಾರನದ್ದೋ, ಆಟಗಾರನದ್ದೋ?

ಮೂರು: ಹೊಸಬರಿಗೆ ಹತ್ತು ನಿಮಿಷದಲ್ಲಿ, ಒಂದೇ ಹಾಳೆಯಲ್ಲಿ, ಕೈಗೆ ಸಿಗುವ ಸಾಮಾನಿನಿಂದ ವಿವರಿಸಬಹುದೇ?

ನಾಲ್ಕು ಮನೆತನಗಳು

ನಿಯಮಾವಳಿಗಳು ನೂರಾರು ಇವೆ. ಆದರೆ ಸರಳವಾದವನ್ನು ನಾಲ್ಕು ಮನೆತನಗಳಾಗಿ ವಿಂಗಡಿಸಬಹುದು.

1. ಶೇಕಡಾ ಮನೆತನ. ಅಮೆರಿಕದ ಕೇಯೋಸಿಯಂ ಸಂಸ್ಥೆ 1980ರಲ್ಲಿ 'ಬೇಸಿಕ್ ರೋಲ್‌ಪ್ಲೇಯಿಂಗ್' ಎಂಬ ಚಿಕ್ಕ ಪುಸ್ತಿಕೆ ತಂದಿತು. ಪ್ರತಿ ಕೌಶಲಕ್ಕೆ ನೂರಕ್ಕೆ ಇಷ್ಟು ಎಂಬ ಅಂಕಿ: ಈಜು 20, ಬೈಕ್ ಓಡಿಸುವುದು 55, ಪ್ರಥಮ ಚಿಕಿತ್ಸೆ 40. 1ರಿಂದ 100ರವರೆಗೆ ಒಂದು ಸಂಖ್ಯೆ ಎತ್ತಬೇಕು. ನಿಮ್ಮ ಅಂಕಿ ಅಥವಾ ಅದಕ್ಕಿಂತ ಕಡಿಮೆ ಬಂದರೆ ಗೆಲುವು. ಹತ್ತು ಮುಖದ ದಾಳ ಇಲ್ಲದಿದ್ದರೆ 0ರಿಂದ 9ರವರೆಗಿನ ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ ಎರಡು ಸಲ ಎತ್ತಿದರೂ ಆಯಿತು. ಮೊದಲ ಚೀಟಿ ಹತ್ತರ ಸ್ಥಾನ, ಎರಡನೆಯದು ಬಿಡಿ ಸ್ಥಾನ, ಎರಡೂ ಸೊನ್ನೆ ಬಂದರೆ ನೂರು. ಮೊದಲು ಎತ್ತಿದ ಚೀಟಿಯನ್ನು ಮರಳಿ ಡಬ್ಬಿಗೆ ಹಾಕಿಯೇ ಎರಡನೆಯದನ್ನು ಎತ್ತಬೇಕು. ಇಲ್ಲದಿದ್ದರೆ 11, 22ರಂಥ ಸಂಖ್ಯೆಗಳು ಬರುವುದೇ ಇಲ್ಲ.

ಈ ಮನೆತನದ ಒಳ್ಳೆಯ ಗುಣ ಎಂದರೆ ಗೆಲ್ಲುವ ಸಾಧ್ಯತೆ ಕಣ್ಣಿಗೆ ಕಾಣುತ್ತದೆ, ವಿವರಿಸಬೇಕಿಲ್ಲ. ದೋಷ ಎಂದರೆ ಕೌಶಲಗಳ ಪಟ್ಟಿ ಉದ್ದ. ಪಟ್ಟಿಯಲ್ಲಿ ಇಲ್ಲದ ಕೌಶಲ ನಿಮ್ಮ ಪಾತ್ರಕ್ಕೆ ಇಲ್ಲವೆಂದೇ ಹೊಸಬರಿಗೆ ಅನ್ನಿಸಿಬಿಡುತ್ತದೆ. ಹೊಳೆಯ ಬಣ್ಣ ನೋಡಿ ನೀರು ಏರುತ್ತಿದೆ ಎಂದು ಹೇಳಬಲ್ಲ ಅಂಬಿಗನ ಜಾಣತನಕ್ಕೆ ಆ ಪಟ್ಟಿಯಲ್ಲಿ ಸಾಲಿಲ್ಲ.

2. ಬಿರುದಿನ ಮನೆತನ. ಎಸ್. ಜಾನ್ ರಾಸ್ ಬರೆದ 'ರೈಸಸ್' ಕೆಲವೇ ಪುಟಗಳದ್ದು, ಉಚಿತವಾಗಿ ಸಿಗುತ್ತದೆ. ಇಲ್ಲಿ ಬಲ, ಬುದ್ಧಿ ಯಾವುದೂ ಇಲ್ಲ. ನಿಮ್ಮ ಪಾತ್ರವನ್ನು ಕೆಲವು ಬಿರುದುಗಳಲ್ಲಿ ಬರೆದು ಹತ್ತು ದಾಳಗಳನ್ನು ಹಂಚಬೇಕು. 'ಹಂಪಿಯ ಗೈಡು, ಐದು ಭಾಷೆ ಬಲ್ಲವ' 4, 'ಹರಿಗೋಲು ಹುಟ್ಟುಹಾಕುವವನ ಮಗ' 3, 'ಬಾಯಿಬಡುಕ' 3. ಕೆಲಸ ಮಾಡುವಾಗ ಆ ಬಿರುದಿನ ದಾಳಗಳನ್ನು ಹಾಕಿ ಕೂಡಿಸಬೇಕು. ಸೂತ್ರಧಾರ ಹೇಳಿದ ಗುರಿಯಷ್ಟು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗೆಲುವು.

ಇಲ್ಲಿ ಗಣಿತದ ವಿದ್ಯಾರ್ಥಿಗಳು ಒಂದು ವಿಷಯ ಗಮನಿಸಬೇಕು. ಗುರಿ 10 ಎಂದಿಟ್ಟುಕೊಳ್ಳಿ. ಎರಡು ದಾಳ ಹಾಕಿದರೆ ಒಟ್ಟು 36 ಸಾಧ್ಯತೆಗಳಲ್ಲಿ 10 ಅಥವಾ ಹೆಚ್ಚು ಬರುವುದು 6 ಮಾತ್ರ, ಅಂದರೆ ಶೇ. 17ರಷ್ಟು. ಮೂರು ದಾಳಕ್ಕೆ 216ರಲ್ಲಿ 135, ಅಂದರೆ ಶೇ. 62.5. ನಾಲ್ಕು ದಾಳಕ್ಕೆ ಶೇ. 90. ಒಂದೊಂದೇ ದಾಳ ಹೆಚ್ಚಿದಂತೆ ಬಡವ ಬಲ್ಲಿದನಾಗುತ್ತಾನೆ! ಇದು ತಿಳಿಯದೆ ಗುರಿ ಇಟ್ಟರೆ ಆಟ ಒಂದೋ ತೀರಾ ಸುಲಭ, ಇಲ್ಲವೇ ಅಸಾಧ್ಯ.

ರೈಸಸ್ ಹಾಸ್ಯದ ಕಥೆಗೆ ಹೇಳಿ ಮಾಡಿಸಿದ್ದು. ಹಂಪಿಯಲ್ಲಿ ಪ್ರವಾಸಿಯೊಬ್ಬರ ಟೋಪಿಯನ್ನು ಕೋತಿ ಎತ್ತಿಕೊಂಡು ಹೋದ ಕಥೆಯನ್ನು ನಾವು ಇದರಲ್ಲಿ ಆಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇವೆ. ಇದೇ ಮನೆತನದ ಸ್ವಲ್ಪ ಗಂಭೀರ ಸೋದರ 'ಫೇಟ್'. ಅದರಲ್ಲಿಯೂ ಪಾತ್ರವನ್ನು ವಾಕ್ಯಗಳಲ್ಲಿ ಬರೆಯುತ್ತಾರೆ. ಜೊತೆಗೆ ನಿಮ್ಮ ದೌರ್ಬಲ್ಯ ನಿಮ್ಮನ್ನು ಕಷ್ಟಕ್ಕೆ ಸಿಕ್ಕಿಸಲು ಒಪ್ಪಿದರೆ ನಿಮಗೆ ಒಂದು ಪಾಯಿಂಟ್ ಸಿಗುತ್ತದೆ. ಈ ಉಪಾಯ ನೆನಪಿರಲಿ, ಮುಂದೆ ಬರುತ್ತದೆ.

3. ಸುಳಿವಿನ ಮನೆತನ. ರಾಬಿನ್ ಲಾಸ್ ರೂಪಿಸಿದ 'ಗಮ್‌ಶೂ' ತನಿಖೆಯ ಕಥೆಗಳಿಗಾಗಿ. ಅದರ ಮೂಲ ಮಾತು ಒಂದೇ: ಸುಳಿವು ಹುಡುಕುವ ಕೌಶಲ ಪಾತ್ರಕ್ಕೆ ಇದ್ದು, ಅದು ಸರಿಯಾದ ಜಾಗದಲ್ಲಿ ಹುಡುಕಿದರೆ ಸುಳಿವು ಸಿಕ್ಕೇ ಸಿಗುತ್ತದೆ, ದಾಳ ಹಾಕುವ ಮಾತಿಲ್ಲ. ತನಿಖೆಯ ರುಚಿ ಸುಳಿವು ಸಿಗುವುದರಲ್ಲಿ ಇಲ್ಲ, ಅದರ ಅರ್ಥ ಮಾಡಿಕೊಳ್ಳುವುದರಲ್ಲಿದೆ.

ಸಂಡೂರಿನ ಕಥೆಗೆ ಇದು ಸರಿಹೊಂದುತ್ತದೆ. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟರು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಆ ವರ್ಷದ ಸಂಡೂರಿನಲ್ಲಿ ಒಬ್ಬ ಅದಿರು ಲಾರಿ ಡ್ರೈವರ್, ಒಬ್ಬ ಪತ್ರಿಕೆಯ ಏಜೆಂಟ್, ತೂಕದ ಸೇತುವೆಯ ಒಬ್ಬ ಗುಮಾಸ್ತ ಎಂದು ಮೂರು ಕಲ್ಪಿತ ಪಾತ್ರ ಇಟ್ಟುಕೊಳ್ಳಿ. ಲಾರಿಯ ತೂಕಕ್ಕೂ ಪರ್ಮಿಟ್ಟಿನ ತೂಕಕ್ಕೂ ತಾಳೆ ಇಲ್ಲ ಎಂಬುದು ಗುಮಾಸ್ತನಿಗೆ ಕಾಣಲೇಬೇಕು. ಅದು ದಾಳದಲ್ಲಿ ತಪ್ಪಿಹೋದರೆ ಕಥೆಯೇ ಮುಂದೆ ಹೋಗದು. ಕಂಡ ಮೇಲೆ ಅವನು ಬಾಯಿ ಬಿಡುತ್ತಾನೋ ಇಲ್ಲವೋ ಎಂಬಲ್ಲಿ ಆಟ ಶುರುವಾಗುತ್ತದೆ.

4. ಬಿಲ್ಲೆಯ ಮನೆತನ. ದಾಳವೇ ಇಲ್ಲದ ಆಟಗಳೂ ಇವೆ. ಎರಿಕ್ ವೂಜಿಕ್ ಅವರ 'ಆಂಬರ್' 1991ರಲ್ಲೇ ದಾಳವನ್ನು ಪೂರ್ತಿ ಬಿಟ್ಟಿತು. ಈಚಿನದು ಬೆಂಜಮಿನ್ ರೋಸೆನ್‌ಬಾಮ್ ಅವರ 'ಡ್ರೀಮ್ ಅಪಾರ್ಟ್'. ಪೂರ್ವ ಯುರೋಪಿನ ಯಹೂದಿ ಜನರ ಒಂದು ಪುಟ್ಟ ಊರಿನ ಕಥೆ ಅದು. ಎವರಿ ಆಲ್ಡರ್ ರೂಪಿಸಿದ ಅದರ ನಿಯಮ ಹೀಗೆ: ನಿಮ್ಮ ಪಾತ್ರ ತನ್ನ ದೌರ್ಬಲ್ಯ ತೋರಿದರೆ ನಿಮಗೆ ಒಂದು ಬಿಲ್ಲೆ ಸಿಗುತ್ತದೆ. ಗಟ್ಟಿಯಾದ ಕೆಲಸವೊಂದನ್ನು ಮಾಡಬೇಕಾದರೆ ಒಂದು ಬಿಲ್ಲೆ ಕೊಡಬೇಕು. ಸಾಧಾರಣ ಕೆಲಸಕ್ಕೆ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ಅಷ್ಟೇ.

ಅದೃಷ್ಟವಿಲ್ಲದ ಆಟ ನಮಗೆ ಹೊಸದೇನಲ್ಲ. ಹಂಪಿಯ ಮಂಟಪಗಳ ನೆಲಹಾಸಿನ ಮೇಲೆ ಕೊರೆದ ಆಟದ ಮನೆಗಳನ್ನು ನೋಡಿ. ಕವಡೆ ಹಾಕಿ ಆಡುವ ಚೌಕಾಬಾರ ಒಂದು ಬಗೆ, ಬರೀ ತಲೆ ಓಡಿಸಿ ಆಡುವ ಹುಲಿ-ಕುರಿ ಆಟ ಇನ್ನೊಂದು ಬಗೆ. ಎರಡೂ ನಮ್ಮವೇ.

ನಮ್ಮ ಮೇಜಿನ ಮೇಲೆ ಆದದ್ದು

ನಾಲ್ಕನ್ನೂ ಓದಿದ ಮೇಲೆ ನಾನು ಶೇಕಡಾ ಮನೆತನವನ್ನೇ ಆರಿಸಿದೆ. ಲೆಕ್ಕ ಚೊಕ್ಕವಾಗಿರುತ್ತದೆಂಬ ಆಸೆ. ಕಥೆಗೆ 2024ರ ಆಗಸ್ಟ್ 10ರ ರಾತ್ರಿಯನ್ನು ತೆಗೆದುಕೊಂಡೆ. ಆ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಒತ್ತಡ ತಗ್ಗಿಸಲು ಬೇರೆ ಗೇಟುಗಳನ್ನೂ ತೆರೆದರು, ನದಿದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಹೊಳೆ ಇಲ್ಲಿಂದ ಹಂಪಿಗೆ, ಅಲ್ಲಿಂದ ಕಂಪ್ಲಿಗೆ ಹರಿಯುತ್ತದೆ. ನೀರು ಹೆಚ್ಚು ಬಿಟ್ಟಾಗಲೆಲ್ಲ ಹಂಪಿಯಲ್ಲಿ ಪುರಂದರ ಮಂಟಪ ಮುಳುಗುತ್ತದೆ, ಕಂಪ್ಲಿಯಲ್ಲಿ ಗಂಗಾವತಿ ದಾರಿಯ ಸೇತುವೆ ಮುಳುಗುತ್ತದೆ. ಇದು ನಮ್ಮ ಕಡೆಯ ಎಲ್ಲರಿಗೂ ಗೊತ್ತಿರುವ ಸಂಗತಿ.

ಆಟದಲ್ಲಿ ನಾನು ಇಟ್ಟ ಸನ್ನಿವೇಶ ಕಲ್ಪಿತ: ಕಂಪ್ಲಿಯ ಹೊಳೆದಂಡೆಯ ಓಣಿ, ಮೊಣಕಾಲುದ್ದ ನೀರು, ಕರೆಂಟು ಇಲ್ಲ. ಅರವತ್ತೈದು ದಾಟಿದ ಒಬ್ಬ ಅಜ್ಜಿ ಮನೆಯಿಂದ ಮಸೀದಿ ಕಟ್ಟೆಯವರೆಗೆ ಬರಬೇಕು. ಅಜ್ಜಿಯ ಪಾತ್ರ ಕಂಪ್ಲಿಯಿಂದ ಬರುವ ನಮ್ಮ ಗೆಳೆಯನದ್ದು. ನೀರು ದಾಟುವುದು ಶೇ. 20 ಎಂದು ಬರೆದಿದ್ದೆ. ಅವನು ಎತ್ತಿದ. 73 ಬಂತು. "ಅಜ್ಜಿ ಜಾರಿ ಬಿದ್ದಳು, ಸೆಳವಿಗೆ ಸಿಕ್ಕಳು" ಎಂದು ನಾನು ಹೇಳಿದೆ. ನಿಯಮದ ಪ್ರಕಾರ ಸರಿಯೇ ಇತ್ತು.

ಅವನು ಚೀಟಿಯನ್ನು ಡಬ್ಬಿಗೆ ಹಾಕಿ ಎದ್ದ. "ನಮ್ಮಜ್ಜಿನೂ ಅವತ್ತು ಅಲ್ಲೇ ಇದ್ಲು. ಹೊರಗೆ ಬಂದಿದ್ದು ಲಕ್ಕಿಂದ ಅಲ್ಲ. ಪಕ್ಕದ ಮನೆ ಅಕ್ಕ ಬಾಗ್ಲು ಬಡಿದು ಎಬ್ಬಿಸಿದ್ದಕ್ಕೆ. ನಿನ್ನ ಹಾಳ್ಯಾಗೆ ಆ ಅಕ್ಕಂಗೆ ಜಾಗನೇ ಇಲ್ಲ" ಎಂದು ಬ್ಯಾಗು ಎತ್ತಿಕೊಂಡು ಹೋದ. ಎರಡು ಶನಿವಾರ ಬರಲಿಲ್ಲ.

ನನ್ನದು ಎರಡು ತಪ್ಪು. ಅವನು ಕಂಪ್ಲಿಯವನೆಂದು ಗೊತ್ತಿದ್ದೂ, ಅವನ ಮನೆಯವರು ಆ ರಾತ್ರಿ ಎಲ್ಲಿದ್ದರೆಂದು ಕೇಳದೆ ಆ ಸನ್ನಿವೇಶ ಇಟ್ಟದ್ದು ಒಂದು. ಸೋತರೆ ಏನಾಗುತ್ತದೆಂದು ಯೋಚಿಸದೆ ಚೀಟಿ ಎತ್ತಿಸಿದ್ದು ಇನ್ನೊಂದು. ಶೇಕಡಾ ನಿಯಮವನ್ನು ಅರಿತು ಆಡಿಸುವವರು ಇಂಥ ಕಡೆ ದಾಳ ಹಾಕಿಸುವುದೇ ಇಲ್ಲ. ಗೆದ್ದರೂ ಸೋತರೂ ಕಥೆ ಮುಂದುವರಿಯುವಂತಿದ್ದರೆ ಮಾತ್ರ ಹಾಕಿಸುತ್ತಾರೆ. ಆದರೂ ಅವನ ಮಾತು ನನ್ನ ಮೊದಲ ಪ್ರಶ್ನೆಗೇ ಉತ್ತರವಾಗಿತ್ತು. ನಾನು ಅಜ್ಜಿಯ ಕಾಲಿನ ಬಲಕ್ಕೆ ಅಂಕಿ ಕೊಟ್ಟಿದ್ದೆ. ಆ ರಾತ್ರಿ ಕೆಲಸಕ್ಕೆ ಬಂದದ್ದು ಯಾರು ಯಾರ ಬಾಗಿಲು ಬಡಿಯುತ್ತಾರೆ ಎಂಬುದು.

ಸರಪಳಿ ಕಡಿದದ್ದಾದರೂ ಅದೃಷ್ಟದ ಆಟವೇ? ಆ ಗೇಟುಗಳಿಗೆ ಸುಮಾರು 70 ವರ್ಷ ವಯಸ್ಸಾಗಿತ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ಒಂದು ವಾರದೊಳಗೆ ನೀರು ತಡೆದದ್ದೂ ಅದೃಷ್ಟದಿಂದಲ್ಲ. ಗೊತ್ತಿರುವವರು ಇದ್ದರು, ಅವರನ್ನು ಕರೆದರು, ಕೂಲಿಯವರಿಂದ ಇಂಜಿನಿಯರ್‌ಗಳವರೆಗೆ ಕೈ ಸೇರಿಸಿದರು.

ಮನೆಯಲ್ಲಿ ಎದ್ದ ಮಾತು

ಅದೇ ವಾರ ಇನ್ನೊಂದು ತಕರಾರು. ಅಭ್ಯಾಸಕ್ಕೆಂದು ಲೂಡೋ ಡಬ್ಬಿಯ ದಾಳಗಳನ್ನು ಮನೆಯಲ್ಲಿ ಉರುಳಿಸುತ್ತಿದ್ದೆ. ದಾದಿ ನೋಡಿ, "ಮನ್ಯಾಗೆ ದಾಳ ಬ್ಯಾಡ ಬೇಟಾ" ಎಂದರು. ದುಡ್ಡು ಕಟ್ಟಿ ಆಡುವುದಲ್ಲ ಎಂದೆ. "ಇವತ್ತು ಇಲ್ಲ" ಎಂದಷ್ಟೇ ಹೇಳಿ ತಸ್ಬೀಹ್ ಹಿಡಿದರು.

ನರ್ದಶೀರ್ ಎಂಬ ದಾಳದ ಆಟದ ಬಗ್ಗೆ ಸಹೀಹ್ ಮುಸ್ಲಿಮ್‌ನ ಹದೀಸ್‌ನಲ್ಲಿ ಕಟುವಾದ ಎಚ್ಚರಿಕೆ ಇದೆ. ಪಣ ಇರಲಿ ಬಿಡಲಿ ದಾಳವೇ ಬೇಡ ಎನ್ನುವವರು ಉಲಮಾಗಳಲ್ಲಿ ಹೆಚ್ಚು, ಪಣವಿದ್ದರೆ ಮಾತ್ರ ನಿಷಿದ್ಧ ಎಂದವರೂ ಇದ್ದಾರೆ. ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಮೇಜಿನಲ್ಲಿ ಇದನ್ನು ಹೇಳಿದಾಗ ನಮ್ಮ ಸಂಡೂರಿನ ಗೆಳತಿ ನಕ್ಕಳು: "ನಮ್ಮ ಅವ್ವನೂ ಹಂಗೇ. ಧರ್ಮರಾಯ ಕೆಟ್ಟಿದ್ದೇ ಪಗಡೆಯಿಂದ ಅಂತಾಳೆ." ಎರಡು ಮನೆಗಳ ಹಿರಿಯರು ಒಂದೇ ಮಾತು ಹೇಳಿದ್ದರು. ಒಬ್ಬರಾದರೂ ಮನಸ್ಸಿನಲ್ಲಿ ಅಳುಕಿಟ್ಟುಕೊಂಡು ಕೂರುವ ಆಟ ನಮಗೆ ಬೇಡ ಎಂದು ಒಪ್ಪಿದೆವು. ಹೀಗೆ ನಾಲ್ಕನೆಯ ಮನೆತನಕ್ಕೆ ಬಂದೆವು. ಬಿಲ್ಲೆಗೆ ಹುಣಸೆ ಬೀಜ ಆರಿಸಿದೆವು, ಯಾರ ಮನೆಯ ಅಡುಗೆಮನೆಯಲ್ಲಿ ಇಲ್ಲ?

ನಮ್ಮ ಬೀಜದ ನಿಯಮ

ಇದನ್ನು ಒಂದು ಹಾಳೆಯಲ್ಲಿ ನಕಲು ಮಾಡಿಕೊಳ್ಳಬಹುದು.

ಪಾತ್ರ: ಮೂರು ವಾಕ್ಯ ಬರೆಯಿರಿ. ನನಗೆ ಏನು ಗೊತ್ತು? ನನ್ನ ಮಾತು ಯಾರು ಕೇಳುತ್ತಾರೆ? ನನ್ನನ್ನು ಹಿಂದಕ್ಕೆ ಎಳೆಯುವುದು ಏನು?

ಬೀಜ: ಪ್ರತಿಯೊಬ್ಬರಿಗೂ ಆರಂಭದಲ್ಲಿ ಎರಡು.

ಸಾಧಾರಣ ಕೆಲಸ: ನಿಮ್ಮ ಮೊದಲ ಎರಡು ವಾಕ್ಯಗಳೊಳಗೆ ಬರುವ ಕೆಲಸ ಬೀಜವಿಲ್ಲದೆ ಆಗುತ್ತದೆ.

ಕಷ್ಟದ ಕೆಲಸ: ಒಂದು ಬೀಜ ನಡುವೆ ಇಡಬೇಕು. ಇಟ್ಟರೆ ಆಯಿತು. ತೀರಾ ಕಷ್ಟದ್ದಕ್ಕೆ ಎರಡು.

ಹಿಂಜರಿಕೆ: ಮೂರನೆಯ ವಾಕ್ಯ ನಿಮ್ಮನ್ನು ತಡೆಯಿತು ಎಂದು ನೀವಾಗಿ ಒಪ್ಪಿದರೆ ಒಂದು ಬೀಜ ಪಡೆಯಿರಿ. ಅದರ ಕಷ್ಟವನ್ನೂ ಅನುಭವಿಸಿ.

ನೆರವು: ನಿಮ್ಮ ಬೀಜವನ್ನು ಇನ್ನೊಬ್ಬರಿಗೆ ಕೊಡಬಹುದು. ಆದರೆ ನಿಮ್ಮ ಪಾತ್ರ ಅವರಿಗಾಗಿ ಏನು ಮಾಡಿತು ಎಂದು ಹೇಳಲೇಬೇಕು.

ನೀರು: ಒಂದು ಹಾಳೆಯಲ್ಲಿ ಆರು ಗೆರೆ ಎಳೆಯಿರಿ. ಎಲ್ಲರ ಸರದಿ ಒಮ್ಮೆ ಮುಗಿದರೆ ಒಂದು ಗೆರೆ ಏರುತ್ತದೆ. ಯಾರಾದರೂ ಹಿಂಜರಿಕೆಯ ಬೀಜ ಪಡೆದರೂ ಒಂದು ಗೆರೆ ಏರುತ್ತದೆ. ಆರನೆಯ ಗೆರೆಗೆ ಆಟ ಮುಗಿಯುತ್ತದೆ. ಹೊಳೆಯ ಕಥೆ ಅಲ್ಲದಿದ್ದರೆ ನೀರಿನ ಬದಲು 'ಬಸ್ಸು ಹೊರಡಲು ಉಳಿದ ಹೊತ್ತು' ಎಂದೋ 'ಪರೀಕ್ಷೆಗೆ ಉಳಿದ ದಿನ' ಎಂದೋ ಬರೆದುಕೊಳ್ಳಿ.

ನಿಲ್ಲಿಸು: ಯಾರಾದರೂ ಅಂಗೈಯನ್ನು ಮೇಜಿನ ಮೇಲೆ ಇಟ್ಟರೆ ಆ ದೃಶ್ಯ ಅಲ್ಲಿಗೇ ಬಿಡಬೇಕು. ಕಾರಣ ಕೇಳಬಾರದು.

ಕೊನೆಯ ನಿಯಮ ಎಲ್ಲಕ್ಕಿಂತ ಮೊದಲು ಇರಬೇಕಿತ್ತು. ನಾವು ಕಲಿತದ್ದು ತಡವಾಗಿ.

ಆಡಿದ ಒಂದು ಆಟ

ಮೂರನೆಯ ಶನಿವಾರ ಗೆಳೆಯ ಬಂದ. ಕ್ಷಮೆ ಕೇಳಿದೆ. ಬೇರೆ ಕಥೆ ಆಡೋಣ ಎಂದೆ. ಅವನೇ, "ಅದೇ ಆಡೋಣ. ಅಜ್ಜಿ ನಂದೇ" ಎಂದ.

ಪಾತ್ರಗಳು ನಾಲ್ಕು. ಮಸೀದಿಯ ಮುಅಝ್ಝಿನ್: ಮೈಕು ನಡೆಸಲು ಗೊತ್ತು, ಓಣಿಯೆಲ್ಲ ಇವರ ಧ್ವನಿ ಗುರುತಿಸುತ್ತದೆ, ಕಮಿಟಿಯ ಸದರ್ ಸಾಹೇಬರ ಅಪ್ಪಣೆ ಇಲ್ಲದೆ ಅಝಾನ್ ಬಿಟ್ಟು ಬೇರೇನೂ ಹೇಳಿದವರಲ್ಲ. ಹರಿಗೋಲಿನ ಅಂಬಿಗ: ಹೊಳೆ ಗೊತ್ತು, ದಂಡೆಯ ಹುಡುಗರು ಮಾತು ಕೇಳುತ್ತಾರೆ, ಹರಿಗೋಲಿಗೆ ಮಾಡಿದ ಸಾಲ ತೀರಿಲ್ಲ. ಆಶಾ ಕಾರ್ಯಕರ್ತೆ: ಯಾರ ಮನೆಯಲ್ಲಿ ಮುದುಕರು, ಬಾಣಂತಿಯರು ಇದ್ದಾರೆಂದು ಗೊತ್ತು, ಹೆಂಗಸರು ಮಾತು ಕೇಳುತ್ತಾರೆ, ತನ್ನ ಕೂಸಿಗೆ ಜ್ವರ. ಮತ್ತು ಅಜ್ಜಿ: ಹೊಳೆಯ ಹಳೆಯ ನೆರೆಗಳೆಲ್ಲ ನೆನಪಿವೆ, ಪಕ್ಕದ ಮನೆಯ ಹುಡುಗಿ ಇವಳ ಮಾತು ಕೇಳುತ್ತಾಳೆ, ಎರಡು ಆಡು ಬಿಟ್ಟು ಬರುವುದಿಲ್ಲ.

ಮೊದಲ ಸರದಿಯಲ್ಲೇ ಮುಅಝ್ಝಿನ್ ಹಿಂಜರಿದರು. ಸದರ್ ಸಾಹೇಬರಿಗೆ ಫೋನು ಹಚ್ಚಿದರು, ರಿಂಗಾಗುತ್ತಲೇ ಇತ್ತು. ಒಂದು ಬೀಜ ಬಂತು, ನೀರು ಒಂದು ಗೆರೆ ಏರಿತು. ಅಂಬಿಗ ಮೊದಲು ಹರಿಗೋಲನ್ನು ಎತ್ತರಕ್ಕೆ ಎಳೆದು ಕಟ್ಟಲು ಹೋದ. ಇನ್ನೊಂದು ಬೀಜ, ಇನ್ನೊಂದು ಗೆರೆ. ಅಜ್ಜಿ, "ಈ ಹೊಳಿ ನಂಗೆ ಹೊಸದಲ್ಲ, ನೀವ್ ಹೋಗ್ರಿ" ಎಂದು ಆಡುಗಳ ಹತ್ತಿರ ಕೂತಳು. ಮತ್ತೊಂದು. ಸರದಿಯೂ ಮುಗಿದದ್ದರಿಂದ ನೀರು ನಾಲ್ಕನೆಯ ಗೆರೆಗೆ ಬಂತು. ಮೇಜಿನ ಮೇಲೆ ಎಲ್ಲರ ಮುಂದೆ ಬೀಜಗಳಿದ್ದವು, ಹೊತ್ತು ಇರಲಿಲ್ಲ.

ಎರಡನೆಯ ಸರದಿ. ಮುಅಝ್ಝಿನ್ ಪಾತ್ರದ ಗೆಳೆಯ ಎರಡು ಬೀಜ ನಡುವೆ ಇಟ್ಟು, "ಅಪ್ಪಣೆ ಕಾಯಲ್ಲ. ಮೈಕ್ ಹಾಕ್ತೀನಿ" ಎಂದ. ಕರೆಂಟು ಇಲ್ಲವಲ್ಲ ಎಂದೆ. "ಮಸೀದ್ಯಾಗೆ ಬ್ಯಾಟರಿ ಇರುತ್ತೆ" ಎಂದು ಮೂವರು ಒಟ್ಟಿಗೆ ಹೇಳಿದರು. ಇರುತ್ತದೆ. ಒಪ್ಪಿದೆ. ಆಶಾ ಕಾರ್ಯಕರ್ತೆ ತನ್ನ ಬೀಜವನ್ನು ಅಂಬಿಗನಿಗೆ ಕೊಟ್ಟಳು, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆಂದು ಹೇಳಿಕಳಿಸಿದಳು. ಅಂಬಿಗ ಹುಡುಗರನ್ನು ಕರೆದುಕೊಂಡು ಆ ಮನೆಗೆ ಹೋದ.

ಅಜ್ಜಿಯ ಸರದಿ. ಗೆಳೆಯನ ಮುಂದೆ ಮೂರು ಬೀಜ. ಒಂದನ್ನು ಇಟ್ಟು, "ಆಡಿನ ಹಗ್ಗ ಬಿಚ್ಚಿ ಬಿಡ್ತೀನಿ, ಅವು ಎತ್ತರಕ್ಕೆ ಹೋಗ್ತಾವೆ" ಎಂದ. ಎರಡನೆಯದನ್ನು ಇಟ್ಟು, "ನೀರಿಗೆ ಇಳಿತೀನಿ" ಎಂದ. ಕಟ್ಟೆ ಮುಟ್ಟಿದೆ, ಆಯಿತು ಎಂದೆ ನಾನು. ಅವನು ತಲೆ ಆಡಿಸಿದ. ಮೂರನೆಯ ಬೀಜ ಇಟ್ಟು, "ಇಲ್ಲ. ಹೋಗೋವಾಗ ಪಕ್ಕದ ಮನೆ ಬಾಗ್ಲು ಬಡಿತೀನಿ. ಆ ಹುಡುಗಿ ಇನ್ನೂ ಮಲಗ್ಯಾಳೆ" ಎಂದ.

ನೀರು ಐದನೆಯ ಗೆರೆ. ಆಟ ಅಲ್ಲಿಗೆ ನಿಲ್ಲಿಸಿದೆವು. ಅಸರ್ ಹೊತ್ತಾಗಿತ್ತು.

ಕೊನೆಗೆ

ಬೀಜದ ನಿಯಮವೇ ಎಲ್ಲಕ್ಕೂ ಮೇಲು ಎಂದು ನಾನು ಹೇಳುತ್ತಿಲ್ಲ. ಕೋತಿಯ ಕಥೆಗೆ ಅದು ಸಪ್ಪೆ, ಅಲ್ಲಿ ಎಡವಟ್ಟು ಬೇಕು. ದಾಳ ಬೇಡದ ಮನೆಯವರು ಅಲ್ಲಿ ಸರದಿಯ ಪ್ರಕಾರ ಪಕ್ಕದವರೇ ಎಡವಟ್ಟು ಹೇಳುವಂತೆ ಮಾಡಬಹುದು. ಸಂಡೂರಿನ ತನಿಖೆಗೆ ಸುಳಿವಿನ ನಿಯಮ ಬೇಕು. ಬೀಜದ ನಿಯಮದಲ್ಲಿ ಒಂದು ಅಪಾಯವೂ ಇದೆ: ಮಾತುಗಾರರೇ ಆಟ ನುಂಗುತ್ತಾರೆ. ಅದಕ್ಕೇ ಸರದಿ ಕಡ್ಡಾಯ. ನಮ್ಮಲ್ಲಿ ಕಡಿಮೆ ಮಾತಾಡುವ ಗೆಳತಿಯೊಬ್ಬಳು ಬೀಜ ಮುಂದಿಟ್ಟು ಒಂದೇ ವಾಕ್ಯ ಹೇಳುತ್ತಾಳೆ. ಬೀಜ ಇಟ್ಟ ಮೇಲೆ ಯಾರೂ ಅವಳ ಮಾತು ತಡೆಯುವಂತಿಲ್ಲ.

ಆರಿಸುವಾಗ ನೆನಪಿಡಬೇಕಾದದ್ದು ಇಷ್ಟು: ನೀವು ಹೇಳಹೊರಟ ಕಥೆಯಲ್ಲಿ ನಿಜವಾಗಿ ಯಾವುದು ಕೆಲಸ ಮಾಡುತ್ತದೋ ಅದಕ್ಕೆ ಹಾಳೆಯ ಮೇಲೆ ಜಾಗ ಇರುವ ನಿಯಮಾವಳಿಯನ್ನೇ ತೆಗೆದುಕೊಳ್ಳಿ. ಜೀವಂತ ವ್ಯಕ್ತಿಗಳ ಹೆಸರು ಬಳಸಬೇಡಿ. ನಿಜವಾಗಿ ನಡೆದ ಕಷ್ಟವನ್ನು ಆಡುವ ಮೊದಲು, ಮೇಜಿನಲ್ಲಿ ಅದನ್ನು ಅನುಭವಿಸಿದವರು ಇದ್ದಾರೆಯೇ ಎಂದು ಕೇಳಿ.

ಅಭ್ಯಾಸ

1. ಎರಡು ದಾಳಗಳ ಮೊತ್ತ 8 ಅಥವಾ ಹೆಚ್ಚು ಬರುವ ಸಂಭವನೀಯತೆ ಎಷ್ಟು? ಮೊತ್ತಕ್ಕೆ 1 ಸೇರಿಸಿಕೊಳ್ಳಲು ಅವಕಾಶ ಕೊಟ್ಟರೆ ಎಷ್ಟಾಗುತ್ತದೆ? (ಉತ್ತರ: 15/36, 21/36. ಲೆಕ್ಕಕ್ಕೆ ದಾಳ ಉರುಳಿಸಬೇಕಿಲ್ಲ, ಪಟ್ಟಿ ಬರೆದರೆ ಸಾಕು.)

2. ನಿಮ್ಮ ಓಣಿಯ ಒಂದು ಕಸುಬನ್ನು ಆರಿಸಿ ಬೀಜದ ನಿಯಮದ ಮೂರು ವಾಕ್ಯ ಬರೆಯಿರಿ. ಮೂರನೆಯ ವಾಕ್ಯವನ್ನು ಬರೆಯುವ ಮೊದಲು ಆ ಕಸುಬಿನವರೊಬ್ಬರನ್ನು ಮಾತಾಡಿಸಿ.

3. ಇವುಗಳಿಗೆ ಯಾವ ಮನೆತನ ಹೊಂದುತ್ತದೆ, ಏಕೆ? ಕಳೆದುಹೋದ ಹಾಲ್ ಟಿಕೆಟ್; ಮದುವೆ ಮನೆಯಲ್ಲಿ ಬಿರಿಯಾನಿ ಕಡಿಮೆ ಬಿದ್ದದ್ದು; ಕಾಲುವೆಯ ಕೊನೆಯ ಹೊಲಕ್ಕೆ ನೀರು ಬಾರದಿರುವುದು.

ಉತ್ತರ ಬರೆದವರು ಶನಿವಾರ ಲೈಬ್ರರಿಯ ಹಿಂದಿನ ಮೇಜಿಗೆ ತನ್ನಿ. ಬೀಜ ನಾವು ತರುತ್ತೇವೆ.